ನಲವತ್ತೈದು ಗೆರೆಯ ಮುಖ

ಬೆಳಗಾವಿಯ ಚನ್ನಬಸಯ್ಯನವರ ಕೈಯಿಂದ ಐವತ್ತೊಂದು ವರ್ಷದ ಬಾಳಿನಲ್ಲಿ ಒಂದು ತಪ್ಪೂ ಆಗಿರಲಿಲ್ಲ. ಹಾಗೆಂದು ಹೇಳುತ್ತಿದ್ದವರು ಅವರೇ ಆದ್ದರಿಂದ ಈ ಮಾತಿನಲ್ಲೂ ತಪ್ಪಿರಲಾರದು. ಅವರದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು. ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಮಷೀನು, ಗೋಡೆಯುದ್ದಕ್ಕೂ ಅಚ್ಚುಮೊಳೆಯ ಪೆಟ್ಟಿಗೆಗಳು, ಮತ್ತು ಇಪ್ಪತ್ತೆರಡು ವರ್ಷ ಅದೇ ಮಷೀನು ತುಳಿದು ಒಂದು ಕಾಲು ಇನ್ನೊಂದಕ್ಕಿಂತ ದಪ್ಪಗಾಗಿದ್ದ ಮದಾರಸಾಬ, ಇಷ್ಟೇ ಅದರ ಆಸ್ತಿ. ಲಗ್ನಪತ್ರಿಕೆ, ಪಾವತಿ ಪುಸ್ತಕ, ಅಂಗಡಿಯ ಹ್ಯಾಂಡ್‌ಬಿಲ್ಲು ಅಲ್ಲಿ ಅಚ್ಚಾಗುತ್ತಿದ್ದವು.

ಒಮ್ಮೆ ಖಾನಾಪುರದ ಹಂಚಿನ ವ್ಯಾಪಾರಿ ಕಲ್ಲಯ್ಯನವರಿಗೆ ಮಾಡಿಕೊಟ್ಟ ಪಾವತಿ ಪುಸ್ತಕದಲ್ಲಿ ಐವತ್ತನೆಯ ನಂಬರಿನ ಮುಂದೆ ಅರವತ್ತೊಂದು ಬಂದಿತ್ತು. ಕಲ್ಲಯ್ಯ ಪುಸ್ತಕ ಹಿಡಿದುಕೊಂಡು ಬಂದು ಕೇಳಿದಾಗ ಚನ್ನಬಸಯ್ಯನವರು ಕಣ್ಣು ಮಿಟುಕಿಸದೆ, ಮುಂಬಯಿಯ ದೊಡ್ಡ ಕಂಪನಿಗಳೆಲ್ಲ ನಡುವೆ ಹತ್ತು ನಂಬರು ಬಿಟ್ಟೇ ಅಚ್ಚು ಹಾಕಿಸುತ್ತವೆ, ನಿಮ್ಮ ವ್ಯಾಪಾರವೂ ಆ ಮಟ್ಟಕ್ಕೆ ಹೋಗಲಿ ಎಂದು ತಾವು ಹಾಗೆ ಮಾಡಿದ್ದಾಗಿ ಹೇಳಿದರು. ಕಲ್ಲಯ್ಯ ಖಾನಾಪುರಕ್ಕೆ ಹೋಗುವವರೆಗೂ ಬಸ್ಸಿನಲ್ಲಿ ನಕ್ಕರಂತೆ. ಇಂಥ ಮನುಷ್ಯನ ಮನೆಯಲ್ಲಿ ಬೇಸರಕ್ಕೆ ಜಾಗವಿರಲಾರದೆಂದು ಅನ್ನಿಸಿ, ಆರು ತಿಂಗಳಲ್ಲಿ ತಮ್ಮ ಮಗ ನಾಗಲಿಂಗನಿಗೆ ಚನ್ನಬಸಯ್ಯನವರ ಮಗಳು ಗಂಗಾದೇವಿಯನ್ನು ಕೇಳಿಯೂ ಬಿಟ್ಟರು. ಹೆಣ್ಣು ನೋಡಿದ್ದಾಯಿತು, ನಿಶ್ಚಯವಾಯಿತು, ಎಪ್ಪತ್ತಾರನೆಯ ಇಸವಿಯ ಮೇ ತಿಂಗಳಲ್ಲಿ ಗಂಡಿನ ಮನೆಯ ಮುಂದೆ ಖಾನಾಪುರದಲ್ಲೇ ಲಗ್ನವೆಂದು ಗೊತ್ತಾಯಿತು.

ಪ್ರೆಸ್ಸಿನ ಮಾಲಕನ ಮಗಳ ಲಗ್ನಪತ್ರಿಕೆ ಎಲ್ಲರ ಮಗಳ ಲಗ್ನಪತ್ರಿಕೆಯಂತೆ ಇದ್ದರೆ ಹೇಗೆ? ಪತ್ರಿಕೆಯಲ್ಲಿ ವಧೂವರರ ಫೋಟೋ ಅಚ್ಚು ಹಾಕಬೇಕೆಂದು ಚನ್ನಬಸಯ್ಯನವರು ತೀರ್ಮಾನಿಸಿದರು. ಅವರ ಬಳಗದಲ್ಲಿ ಅದುವರೆಗೆ ಯಾರೂ ಹಾಗೆ ಮಾಡಿಸಿರಲಿಲ್ಲ. ಗಂಗಾದೇವಿಯನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದರು. ನಾಗಲಿಂಗನ ಫೋಟೋ ಖಾನಾಪುರದಿಂದ ಟಪಾಲಿನಲ್ಲಿ ಬಂತು.

ಫೋಟೋವನ್ನು ಅಚ್ಚು ಹಾಕುವುದು ಅಕ್ಷರ ಹಾಕಿದಷ್ಟು ಸುಲಭವಲ್ಲ. ಅಚ್ಚಿನ ಮಸಿಗೆ ಗೊತ್ತಿರುವುದು ಎರಡೇ, ಹತ್ತುವುದು ಇಲ್ಲವೇ ಬಿಡುವುದು. ನಸುಗಪ್ಪು ಎನ್ನುವುದು ಅದಕ್ಕೆ ತಿಳಿಯದು. ಅದಕ್ಕೆಂದೇ ಫೋಟೋವನ್ನು ಗೆರೆ ಕೊರೆದ ಗಾಜಿನ ಸ್ಕ್ರೀನಿನ ಮೂಲಕ ಹಾಯಿಸಿ, ಮುಖವನ್ನೆಲ್ಲ ಚುಕ್ಕೆ ಚುಕ್ಕೆಯಾಗಿ ಒಡೆದು, ಸತುವಿನ ತಗಡಿನ ಮೇಲೆ ಬ್ಲಾಕು ಮಾಡುತ್ತಾರೆ. ಕಪ್ಪು ಇರುವಲ್ಲಿ ಚುಕ್ಕೆ ಉಬ್ಬಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ, ಬೆಳಕು ಇರುವಲ್ಲಿ ಸಣ್ಣದಾಗಿ ಒಂಟಿಯಾಗಿ ನಿಲ್ಲುತ್ತದೆ. ದೂರದಿಂದ ನೋಡುವ ಕಣ್ಣು ಅವನ್ನೆಲ್ಲ ಕೂಡಿಸಿ ಮುಖ ಎನ್ನುತ್ತದೆ. ಒಂದು ಇಂಚಿನಲ್ಲಿ ಎಷ್ಟು ಗೆರೆ ಎನ್ನುವುದರ ಮೇಲೆ ಚುಕ್ಕೆಯ ಗಾತ್ರ. ಗೆರೆ ಹೆಚ್ಚಾದರೆ ಚುಕ್ಕೆ ಸಣ್ಣದು, ಅದಕ್ಕೆ ನುಣುಪು ಕಾಗದ ಬೇಕು. ಗೆರೆ ಕಡಿಮೆಯಾದರೆ ಚುಕ್ಕೆ ದೊಡ್ಡದು.

ಬೆಳಗಾವಿಯಿಂದ ಬ್ಲಾಕಿಗೆ ಫೋಟೋ ಕಳಿಸುತ್ತಿದ್ದುದು ಕೊಲ್ಲಾಪುರಕ್ಕೆ. ಎಷ್ಟು ಗೆರೆಯ ಸ್ಕ್ರೀನು ಎಂದು ಜೊತೆಗೆ ಬರೆಯಬೇಕು. ಮದಾರಸಾಬ ಹುಡುಗನಾಗಿದ್ದಾಗ ಒಂದು ದಿನಪತ್ರಿಕೆಯ ಪ್ರೆಸ್ಸಿನಲ್ಲಿ ಕೆಲಸ ಮಾಡಿದ್ದವನು. "ಮಾಲಕ್ರ, ನಮ್ಮ ಕಾರ್ಡಿಗೆ ಎಂಬತ್ತೈದರದು ಬರಿಯರಿ, ಬರೋಬರಿ ಆಕ್ಕೈತಿ" ಎಂದ. ಆದರೆ ಚನ್ನಬಸಯ್ಯನವರಿಗೆ ಒಂದು ಹಳೆಯ ಗಾಯವಿತ್ತು. ಹಿಂದೊಮ್ಮೆ ಒಬ್ಬ ಗುಮಾಸ್ತರ ನಿವೃತ್ತಿಗೆಂದು ಸಣ್ಣ ಚುಕ್ಕೆಯ ಬ್ಲಾಕು ತರಿಸಿ ಒರಟು ಕಾಗದದ ಮೇಲೆ ಅಚ್ಚು ಹಾಕಿದಾಗ, ಚುಕ್ಕೆಗಳ ಸಂದಿಯಲ್ಲೆಲ್ಲ ಮಸಿ ತುಂಬಿ ಗುಮಾಸ್ತರು ಇದ್ದಿಲಿನ ಗೋಣಿಯಿಂದ ಎದ್ದು ಬಂದವರಂತೆ ಕಂಡಿದ್ದರು. ಅಂದಿನಿಂದ ಅವರಿಗೆ ಸಣ್ಣ ಚುಕ್ಕೆಯ ಮೇಲೆ ವಿಶ್ವಾಸವಿಲ್ಲ. ಮನೆಯಲ್ಲಿ ಹೆಂಡತಿ ರೇಣವ್ವ ಸಣ್ಣ ರವೆಯಿಂದ ಉಪ್ಪಿಟ್ಟು ಮಾಡಿದರೆ ಮುದ್ದೆಯಾಗುತ್ತಿತ್ತು, ದಪ್ಪ ರವೆಯದಾದರೆ ಉದುರುದುರಾಗಿ ಬರುತ್ತಿತ್ತು. ಮುಖಕ್ಕೂ ಅದೇ ನಿಯಮವೆಂದು ಯೋಚಿಸಿ ಅವರು ನಲವತ್ತೈದು ಎಂದು ಬರೆದರು. ಅದು ರಸ್ತೆಯ ಆಚೆಯಿಂದ ನೋಡುವ ಗೋಡೆಯ ಪೋಸ್ಟರಿನ ಲೆಕ್ಕ. ಕೊಲ್ಲಾಪುರದವನು ಗಾಬರಿಯಾಗಿ, ಕೈತಪ್ಪಿ ಬರೆದಿರಾ ಎಂದು ಕಾರ್ಡು ಹಾಕಿದ. ಕೈತಪ್ಪಿ ಎಂಬ ಶಬ್ದ ಓದಿ ಚನ್ನಬಸಯ್ಯನವರ ಮುಖ ಕೆಂಪಾಯಿತು. ಬರೆದಷ್ಟು ಮಾಡಿರಿ ಎಂದು ಉತ್ತರ ಹೋಯಿತು.

ಬ್ಲಾಕು ಬಂದ ದಿನ ಮದಾರಸಾಬ ಅದರ ಹಿಂದೆ ತೆಳು ಕಾಗದದ ಚೂರುಗಳನ್ನು ಅಂಟಿಸತೊಡಗಿದ. ಕಪ್ಪು ಇರುವಲ್ಲಿ ಒತ್ತು ಹೆಚ್ಚಾಗಬೇಕು, ಕೆನ್ನೆ ಹಣೆಯ ಮೇಲೆ ಕಡಿಮೆಯಾಗಬೇಕು, ಅದಕ್ಕೆ ಈ ಚೂರು ಎಂದು ಅವನ ಉಸ್ತಾದ ಕಲಿಸಿದ್ದ. ಚನ್ನಬಸಯ್ಯನವರಿಗೆ ಅದು ಹೊತ್ತುಗಳೆಯುವ ಉಪಾಯವೆನಿಸಿತು. ಚೂರುಗಳನ್ನೆಲ್ಲ ಕಿತ್ತು, ಎಲ್ಲ ಕಡೆಗೂ ಒಂದೇ ಸಮನೆ ಗಟ್ಟಿಯಾಗಿ ಒತ್ತು ಬೀಳುವಂತೆ ಮಷೀನು ಬಿಗಿ ಮಾಡಿಸಿ, ಮಸಿ ಧಾರಾಳ ಹಾಕಲು ಹೇಳಿದರು.

ಪತ್ರಿಕೆ ಅಚ್ಚಾಯಿತು. ನಾಗಲಿಂಗ ಮೂಲದಲ್ಲೇ ಕಪ್ಪು ಹುಡುಗ, ಕಪ್ಪು ಕೋಟು ಬೇರೆ ಹಾಕಿದ್ದ. ಅವನ ಚುಕ್ಕೆಗಳೆಲ್ಲ ಕೂಡಿ ಸಲೀಸಾಗಿ ಒಂದಾಗಿದ್ದವು. ಗಂಗಾದೇವಿ ಗೋದಿ ಬಣ್ಣದವಳು. ಅವಳ ಎರಡು ಕೆನ್ನೆ, ಹಣೆ, ಗದ್ದದ ಮೇಲೆ ಒಂದೊಂದು ಚುಕ್ಕೆಯೂ ಸಾಸಿವೆ ಕಾಳಿನಂತೆ ಬೇರೆ ಬೇರೆಯಾಗಿ ಎಣಿಸಲು ಬರುವಂತೆ ಎದ್ದು ನಿಂತಿತ್ತು. ಮದಾರಸಾಬ ಒಂದು ಪ್ರತಿ ಎತ್ತಿ ನೋಡಿ ಮಗುಚಿ ಇಟ್ಟ. ಚನ್ನಬಸಯ್ಯನವರು ಒಂದನ್ನು ಗೋಡೆಗೆ ಸಿಕ್ಕಿಸಿ ಹಿಂದೆ ಹಿಂದೆ ಸರಿದು ಬಾಗಿಲಿಗೆ ಬಂದು ನಿಂತು ನೋಡಿದರು. ಅಲ್ಲಿಂದ ಮಗಳು ಖರೇನೇ ನಗುತ್ತಿದ್ದಳು. ಅವರ ಕಣ್ಣು ತುಂಬಿತು. ಲಗ್ನವಾಗಿ ಹೋಗುವ ಮಗಳು ಎಂಬುದು ಆ ಗಳಿಗೆಯಲ್ಲಿ ಅವರಿಗೆ ಮೊದಲ ಸಲ ಸರಿಯಾಗಿ ತಟ್ಟಿತು.

ಹೀಗಾಗಿ ಶಿವಬಸವ ನಗರದಲ್ಲಿ ಚನ್ನಬಸಯ್ಯನವರು ಪತ್ರಿಕೆ ಹಂಚಿದ ರೀತಿಯೇ ಬೇರೆ. ಕೈಗೆ ಕೊಡುವ ಮೊದಲು ಹತ್ತು ಹೆಜ್ಜೆ ದೂರ ಹೋಗಿ ನಿಲ್ಲಲು ಹೇಳುತ್ತಿದ್ದರು. ಪಕ್ಕದ ಮನೆಯ ಸತ್ಯವ್ವನ ಪಡಸಾಲೆಯಲ್ಲಿ ಹತ್ತು ಹೆಜ್ಜೆ ಜಾಗವಿರಲಿಲ್ಲ. ಆಕೆ ಹೊಸ್ತಿಲು ದಾಟಿ, ಕಟ್ಟೆ ಇಳಿದು, ಓಣಿಯ ನಡುವೆ ನಿಂತು ಒಬ್ಬ ಸೈಕಲ್ಲಿನವನಿಂದ ಬೈಸಿಕೊಂಡು, ಭಾಳ ಛಲೋ ಬಂದೈತಿ ಎಂದಳು. ಓಣಿಯ ಮಂದಿಗೆ ಇದೊಂದು ಹೊಸ ಪದ್ಧತಿ ಇರಬೇಕೆನಿಸಿತು.

ಖಾನಾಪುರಕ್ಕೆ ಹೋದ ಕಟ್ಟಿನ ಕಥೆಯೇ ಬೇರೆಯಾಯಿತು. ರೇಣವ್ವ ಪದ್ಧತಿಯಂತೆ ಪ್ರತಿ ಪತ್ರಿಕೆಯ ಮೂಲೆಗೂ ಅರಿಷಿಣ ಕುಂಕುಮ ಹಚ್ಚಿದ್ದಳು. ಬೀಗರ ಕಡೆಗೆ ಹೋಗುವುದೆಂದು ಕೈ ಬಿಚ್ಚಿಯೇ ಹಚ್ಚಿದ್ದಳು. ಕಟ್ಟು ಬಸ್ಸಿನ ಮಾಳಿಗೆಯ ಮೇಲೆ ಖಾನಾಪುರದವರೆಗೆ ಕುಣಿದುಕೊಂಡು ಹೋಗುವಷ್ಟರಲ್ಲಿ ಕುಂಕುಮವೆಲ್ಲ ಒಳಗೆ ಹರಡಿತು. ಧಾರಾಳ ಹಾಕಿದ ಮಸಿ ಇನ್ನೂ ಆರಿರಲಿಲ್ಲ. ಕುಂಕುಮ ಬಿಳಿ ಕಾಗದದ ಮೇಲಿಂದ ಉದುರಿ ಹೋಯಿತು, ಮಸಿಯ ಚುಕ್ಕೆಗಳ ಮೇಲೆ ಮಾತ್ರ ಅಂಟಿ ಕೂತಿತು. ಕಲ್ಲಯ್ಯನವರು ಕಟ್ಟು ಬಿಚ್ಚಿ, ಸಣ್ಣ ಅಕ್ಷರ ಓದುವ ಭೂತಗನ್ನಡಿ ತೆಗೆದುಕೊಂಡು ಮೊದಲು ಸೊಸೆಯಾಗುವವಳ ಮುಖ ನೋಡಿದರು. ಕೆನ್ನೆಯ ತುಂಬ ಕೆಂಪು ಗುಳ್ಳೆ ಎದ್ದಿದ್ದವು.

ಆರು ತಿಂಗಳ ಹಿಂದೆ ಕಣ್ಣಾರೆ ನೋಡಿದಾಗ ಹುಡುಗಿಯ ಮುಖ ಸ್ವಚ್ಛವಾಗಿತ್ತು. ಈ ಫೋಟೋ ಹೋದ ತಿಂಗಳಿನದು. ಅಂದಮೇಲೆ ನಡುವೆ ಏನೋ ಆಗಿದೆ ಎಂದು ಕಲ್ಲಯ್ಯನವರು ಲೆಕ್ಕ ಹಾಕಿದರು. ಪತ್ರಿಕೆ ಬಾಜೂ ಮನೆಗೆ ಹೋಯಿತು, ಅಲ್ಲಿಂದ ಪೇಟೆಗೆ ಇಳಿಯಿತು. ಖಾನಾಪುರದ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಆಗ ಸರಕಾರದ ಒಂದು ಜಾಹೀರಾತು ಇತ್ತು. ಸಿಡುಬು ದೇಶದಿಂದ ಹೋಗಿದೆ, ಎಲ್ಲಾದರೂ ಕಂಡವರು ತಿಳಿಸಿದರೆ ಸಾವಿರ ರೂಪಾಯಿ ಬಹುಮಾನ ಎಂದು ಅದರಲ್ಲಿ ಕನ್ನಡ ಮರಾಠಿ ಎರಡರಲ್ಲೂ ಬರೆದಿತ್ತು. ವರ್ಷವಾದರೂ ಒಬ್ಬನಿಗೂ ಆ ಬಹುಮಾನ ಸಿಕ್ಕಿರಲಿಲ್ಲ. ಲಗ್ನಪತ್ರಿಕೆ ಬಂದ ಮರುದಿನ ಹನ್ನೊಂದು ಜನ, ಒಬ್ಬರಿಗೊಬ್ಬರು ಹೇಳದೆ, ಬೇರೆ ಬೇರೆಯಾಗಿ ಸರಕಾರಿ ದವಾಖಾನೆಗೆ ಹೋಗಿ ತಿಳಿಸಿ ಬಂದರು.

ಹೀಗೆ ಸಿಡುಬು ಹುಡುಕುವ ಇನ್ಸ್‌ಪೆಕ್ಟರ್ ಸಿದ್ದಪ್ಪ ಬೆಳಗಾವಿಯ ಪ್ರೆಸ್ಸಿಗೆ ಬಂದರು. ಖಾಕಿ ಚೀಲ, ಅದರಲ್ಲಿ ಸಿಡುಬಿನ ಗುರುತು ಹಿಡಿಯಲು ಕೊಟ್ಟ ಒಂದು ಮಗುವಿನ ಚಿತ್ರದ ಕಾರ್ಡು. ಎರಡು ವರ್ಷ ಊರೂರು ಅಲೆದರೂ ಅವರಿಗೆ ಒಂದು ಸಿಡುಬೂ ಸಿಕ್ಕಿರಲಿಲ್ಲ, ಸಿಕ್ಕವೆಲ್ಲ ಬೇಸಿಗೆಯ ಬೆವರುಸಾಲೆ. ಅವರು ತಮ್ಮ ಕಾರ್ಡನ್ನೂ ಲಗ್ನಪತ್ರಿಕೆಯನ್ನೂ ಬಾಜೂ ಬಾಜೂ ಇಟ್ಟು ಗಂಭೀರವಾಗಿ ಹೋಲಿಸಿ ನೋಡಿದರು. ಎರಡರಲ್ಲೂ ಚುಕ್ಕೆಗಳಿದ್ದವು. ಅವರ ಕಾರ್ಡೂ ಎಲ್ಲೋ ಒಂದು ಪ್ರೆಸ್ಸಿನಲ್ಲಿ ಅಚ್ಚಾಗಿದ್ದು, ಅದರಲ್ಲಿ ಮಗುವಿನ ಹಿಂದಿನ ಚಾದರಕ್ಕೂ ಚುಕ್ಕೆಗಳಿದ್ದವು ಎಂಬುದನ್ನು ಮದಾರಸಾಬ ಮಾತ್ರ ಗಮನಿಸಿದ.

ಪ್ರೆಸ್ಸಿನ ಬಾಗಿಲಲ್ಲಿ ಅಷ್ಟರಲ್ಲಿ ಓಣಿಯ ಅರ್ಧ ಮಂದಿ ಕೂಡಿದ್ದರು. ಎರಡು ಓಣಿಯಾಚೆ ಪ್ರೆಸ್ಸು ಇಟ್ಟಿದ್ದವರೊಬ್ಬರೂ ಬಂದು ನಿಂತಿದ್ದರು. ಮದಾರಸಾಬ ಮಸಿ ಕೈಯನ್ನು ಒರೆಸಿಕೊಂಡು, ಸಾಹೇಬ್ರ ಇದು ಬ್ಲಾಕಿನ ಚುಕ್ಕಿ ಎನ್ನಲು ಬಾಯಿ ತೆಗೆದ. ಚನ್ನಬಸಯ್ಯನವರು ಅವನನ್ನು ಕಣ್ಣಿನಿಂದಲೇ ಕೂರಿಸಿದರು. ಪರವೂರ ಅಧಿಕಾರಿಯ ಎದುರಿಗೆ, ಅದರಲ್ಲೂ ಇನ್ನೊಂದು ಪ್ರೆಸ್ಸಿನವರ ಎದುರಿಗೆ, ಇಂಥ ಮಾತು ಹೇಗೆ ಆಡುವುದು?

"ನಮ್ಮ ಪ್ರಿಂಟು ಬರೋಬರಿ ಐತ್ರಿ. ಇದ್ದದ್ದು ಇದ್ದಂಗ ಬಂದೈತಿ" ಎಂದರು ಚನ್ನಬಸಯ್ಯನವರು.

"ಹಂಗಾದ್ರ ಪ್ರಿಂಟಿನಾಗ ದೋಷ ಇಲ್ಲ ಅಂತ ಬರಕೋತೀನ್ರಿ" ಎಂದು ಸಿದ್ದಪ್ಪನವರು ಹಾಗೆಯೇ ಬರೆದುಕೊಂಡರು. "ಹುಡುಗಿ ಎಲ್ಲಿ ಅದಾಳ?"

ಹುಡುಗಿ ಬೆಳಗಾವಿಯಲ್ಲಿ ಇರಲಿಲ್ಲ. ಲಗ್ನಕ್ಕೆ ಮುಂಚೆ ಉಣ್ಣಿಸಿ ಕಳಿಸುವ ಪದ್ಧತಿಯಂತೆ ಬೈಲಹೊಂಗಲದ ಸೋದರಮಾವನ ಮನೆಗೆ ಹೋಗಿದ್ದಳು. ಅಲ್ಲಿಂದ ಮಾವನ ಲಾರಿಯಲ್ಲೇ ನೆಟ್ಟಗೆ ಖಾನಾಪುರದ ಹಂದರಕ್ಕೆ ಬರುವುದೆಂದು ಮಾತಾಗಿತ್ತು. ಊರಲ್ಲಿ ಇಲ್ಲದ ಹುಡುಗಿಯೆಂದರೆ ಮುಚ್ಚಿಟ್ಟ ಹುಡುಗಿ ಎಂದು ಸಿದ್ದಪ್ಪನವರ ಅನುಭವ ಹೇಳಿತು. ಆದರೆ ಬೈಲಹೊಂಗಲ ಬೇರೆ ಇನ್ಸ್‌ಪೆಕ್ಟರರ ಹದ್ದಿನೊಳಗಿನ ಊರು. ತಾವು ಹೋಗುವಂತಿಲ್ಲ, ಪತ್ರ ಬರೆಯಬಹುದು. ಅಲ್ಲಿಂದ ಉತ್ತರ ಬರುವವರೆಗೆ ಹುಡುಗಿ ಮನೆಬಿಟ್ಟು ಕದಲಬಾರದು, ಬಸ್ಸು ಹತ್ತಿದರೆ ಇಡೀ ಬಸ್ಸಿನ ಮಂದಿಯ ಹೆಸರು ಬರೆಯಬೇಕಾಗುತ್ತದೆ ಎಂದರು. ಹೆಣ್ಣು ನೋಡಿದ ದಿನ ಯಾರು ಯಾರು ಉಪ್ಪಿಟ್ಟು ತಿಂದಿದ್ದರು ಎಂದು ಯಾದಿ ಮಾಡಿದರು. ಸತ್ಯವ್ವ ತಾನು ಎರಡು ಸಲ ಹಾಕಿಸಿಕೊಂಡಿದ್ದನ್ನು ಒಪ್ಪಿಕೊಂಡಳು, ಅವಳ ಹೆಸರಿನ ಮುಂದೆ ಎರಡು ಗೀಟು ಬಿತ್ತು. ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ ಹೋದರು.

ಆ ಗುರುತು ಬಿದ್ದಮೇಲೆ ಹಾಲಿನವನು ಕಟ್ಟೆಯ ಕೆಳಗೇ ನಿಂತು ಹಾಲು ಸುರಿಯತೊಡಗಿದ. ಖಾನಾಪುರದಿಂದ ಕಲ್ಲಯ್ಯನವರ ಕಾಗದವೂ ಬಂತು. ಬೀಗತನ ಉಳಿಯಬೇಕಾದರೆ ಇದ್ದದ್ದನ್ನು ಹೇಳಿರಿ, ಹೆಣ್ಣು ನಿಶ್ಚಯವಾದಮೇಲೆ ಗಂಡಿನವರು ನೋಡಲು ಹೋಗುವುದು ನಮ್ಮಲ್ಲಿ ಇಲ್ಲ, ಇಲ್ಲವಾದರೆ ನಾನೇ ಹೋಗುತ್ತಿದ್ದೆ ಎಂದು ಅದರಲ್ಲಿತ್ತು. ಲಗ್ನಕ್ಕೆ ಎಂಟು ದಿನ ಉಳಿದಿತ್ತು.

ರೇಣವ್ವ ಕಾಗದ ಓದಿಸಿಕೊಂಡಳು. ಆಕೆ ಅಳಲಿಲ್ಲ, ಕೂಗಾಡಲಿಲ್ಲ. "ಮಗಳ ಮುಖಕ್ಕ ಮಸಿ ಹತ್ತಿದ್ರ ನಡೀತೈತಿ, ನಿಮ್ಮ ಮಷೀನಿಗೆ ಹತ್ತಬಾರದು, ಹೌದಿಲ್ರಿ?" ಎಂದು ಕೇಳಿ ಒಳಗೆ ಹೋದಳು. ಚನ್ನಬಸಯ್ಯನವರು ಆ ಹೊತ್ತು ಉಣ್ಣಲಿಲ್ಲ. ಮಗಳ ಬಾಳು ತಮ್ಮ ನಾಲಗೆಯ ತುದಿಯಲ್ಲಿದೆ, ನಾಲಗೆ ಹೊರಳಿದರೆ ಉಳಿಯುತ್ತದೆ ಎಂದು ಅವರಿಗೆ ತಿಳಿಯದೆ ಇರಲಿಲ್ಲ. ಐವತ್ತೊಂದು ವರ್ಷ ಆ ಕಡೆ ಹೊರಳಿಸದ ನಾಲಗೆಯಾದ್ದರಿಂದ ಅವರು ಬೆಳಗಿನವರೆಗೆ ಗೋಡೆಗೆ ಮುಖ ಮಾಡಿ ಮಲಗಿ ಅದನ್ನು ಪಳಗಿಸಿದರು.

ಮರುದಿನ ಅವರು ಮದಾರಸಾಬನನ್ನೂ ಸತುವಿನ ಬ್ಲಾಕನ್ನೂ ಕಟ್ಟಿಕೊಂಡು ಖಾನಾಪುರಕ್ಕೆ ಹೋದರು. ಕಲ್ಲಯ್ಯನವರ ಪಡಸಾಲೆಯಲ್ಲಿ ಸಿದ್ದಪ್ಪನವರೂ ಇದ್ದರು, ಯಾದಿಯಲ್ಲಿದ್ದವರಿಗೆಲ್ಲ ಲಸಿಕೆ ಹಾಕುತ್ತಿದ್ದರು. ನಾಗಲಿಂಗ ಅಂಗಿಯ ತೋಳು ಮೇಲೆ ಮಾಡಿಕೊಂಡು ಮೂಲೆಯಲ್ಲಿ ಕೂತಿದ್ದ. ಚನ್ನಬಸಯ್ಯನವರು ಹೊಸ್ತಿಲ ಮೇಲೆ ನಿಂತೇ, ಕುಳಿತರೆ ಹೇಳಲಾಗುವುದಿಲ್ಲವೆಂದು ಹೆದರಿ, ಒಂದೇ ಉಸಿರಿಗೆ ಹೇಳಿದರು.

"ಬೀಗರ, ತಪ್ಪು ನಂದೈತ್ರಿ. ಎಂಬತ್ತೈದು ಬರೀಬೇಕಾಗಿತ್ತು, ನಲವತ್ತೈದು ಬರದ್ನಿ. ಮಷೀನು ಬಿಗಿ ಮಾಡಿಸಿದ್ನಿ, ಮಸಿ ಹೆಚ್ಚು ಹಾಕಿಸಿದ್ನಿ. ನನಗ ಈ ಕೆಲಸ ತಿಳಿಯೂದಿಲ್ರಿ. ನನ್ನ ಮಗಳಿಗೆ ಏನೂ ಆಗಿಲ್ಲ."

ಕಲ್ಲಯ್ಯನವರು ಬಹಳ ಹೊತ್ತು ಬೀಗರ ಮುಖ ನೋಡಿದರು. ಅವರ ಕಣ್ಣಿನಲ್ಲಿ ನೀರು ಬಂತು.

"ಇಷ್ಟ ದಿವಸ ನನಗ ಸ್ವಲ್ಪ ಸಂಶೆ ಇತ್ರಿ. ಈಗ ಖಾತ್ರಿ ಆತು" ಎಂದರು. "ಹತ್ತು ನಂಬರು ಹಾರಿಸಿ ಮುಂಬೈ ಪದ್ಧತಿ ಅಂದ ಮನುಷ್ಯಾ ನೀವು. ನೀವು ತಪ್ಪ ಒಪ್ಪಿಕೋಬೇಕಾದ್ರ, ಪಾಪ, ಮಗಳಿಗೆ ಭಾಳ ಆಗಿರಬೇಕು."

ಸಿದ್ದಪ್ಪನವರೂ ಪುಸ್ತಕ ತೆಗೆದು ತೋರಿಸಿದರು. ಪ್ರಿಂಟಿನಲ್ಲಿ ದೋಷ ಇಲ್ಲ ಎಂದು ಮಾಲಕರೇ ಹೇಳಿದ್ದು ತಾರೀಖಿನ ಸಹಿತ ಅಲ್ಲಿತ್ತು. ಚನ್ನಬಸಯ್ಯನವರು ಬ್ಲಾಕು ಬಿಚ್ಚಿ ತೋರಿಸಿದರು. ಕಲ್ಲಯ್ಯನವರು ಭೂತಗನ್ನಡಿ ಹಿಡಿದು ನೋಡಿ, ಕಾಗದದ ಮೇಲೆ ಇದ್ದ ಗುಳ್ಳೆಗಳೇ ತಗಡಿನ ಮೇಲೂ ಇವೆ ಎಂದು ನಿಟ್ಟುಸಿರು ಬಿಟ್ಟರು. ತಪ್ಪು ಮಾಡಿದ್ದು ತಾನೇ ಎಂದು ಒಬ್ಬ ಮನುಷ್ಯ ಆಣೆ ಮಾಡಿ ಹೇಳುತ್ತಾನೆ, ಎದುರಿನವರು ಇಲ್ಲ ಇಲ್ಲ ನೀವು ಅಂಥವರಲ್ಲ ಎಂದು ಸಮಾಧಾನ ಮಾಡುತ್ತಾರೆ. ಹೀಗೆ ಅರ್ಧ ತಾಸು ನಡೆಯಿತು.

ಕೊನೆಗೆ ಸಿದ್ದಪ್ಪನವರೇ ಒಂದು ದಾರಿ ಸೂಚಿಸಿದರು. ತಮ್ಮ ಮುಖದ ಮೇಲೆ ಒಂದು ಕಲೆಯೂ ಇಲ್ಲವೆಂಬುದು ಎಲ್ಲರಿಗೂ ಕಾಣುತ್ತದೆ. ತಮ್ಮ ಫೋಟೋವನ್ನು ಅದೇ ರೀತಿ ಬ್ಲಾಕು ಮಾಡಿಸಿ, ಅದೇ ಮಷೀನಿನ ಮೇಲೆ, ಎಲ್ಲರ ಎದುರಿಗೆ ಅಚ್ಚು ಹಾಕಲಿ. ಅದರಲ್ಲೂ ಗುಳ್ಳೆ ಎದ್ದರೆ ಮಷೀನಿನ ರೋಗ, ಏಳದಿದ್ದರೆ ಹುಡುಗಿಯ ರೋಗ. ಇದು ಸರಕಾರದ ಎದುರಿಗೂ ನಿಲ್ಲುವ ಪುರಾವೆ ಎಂದರು. ಚನ್ನಬಸಯ್ಯನವರಿಗೆ ಜೀವ ಬಂದಂತಾಯಿತು. ಕೆಟ್ಟದಾಗಿ ಅಚ್ಚು ಹಾಕಿ ಎಂದು ಕೇಳಿಕೊಂಡರೆ ಇಲ್ಲ ಎನ್ನುವ ಮನುಷ್ಯ ಅವರಲ್ಲ. ಅದೇ ದಿನ ಸಿದ್ದಪ್ಪನವರ ಫೋಟೋ, ಇನ್ಸ್‌ಪೆಕ್ಟರ್ ಸಾಹೇಬರದು ಹಿಂದಿನಂತೆಯೇ ನಲವತ್ತೈದರಲ್ಲಿ ಮಾಡಿರಿ, ತುರ್ತು, ಎಂಬ ಚೀಟಿಯೊಂದಿಗೆ ಕೊಲ್ಲಾಪುರಕ್ಕೆ ಹೋಯಿತು.

ಬ್ಲಾಕು ಲಗ್ನಕ್ಕೆ ನಾಲ್ಕು ದಿನ ಇರುವಾಗ ಬಂತು. ಅದೇ ಮಧ್ಯಾಹ್ನ ಕಲ್ಲಯ್ಯನವರು ತಮ್ಮ ತಾಯಿ ಕಾಶವ್ವನನ್ನು ಕರೆದುಕೊಂಡು ಬೆಳಗಾವಿಗೆ ಬಂದರು. ಎಂಬತ್ತರ ಹತ್ತಿರದ ಆ ಮುದುಕಿ ನಾನೂ ನೋಡಾಕ ಬರ್ತೀನಿ ಎಂದು ಹಟ ಹಿಡಿದಿದ್ದಳಂತೆ. ಬಂದವಳು ಕಾಗದದ ರೀಮುಗಳ ಮೇಲೆ ಸೆರಗು ಹೊದ್ದು ಸುಮ್ಮನೆ ಕೂತಳು. ಸಿದ್ದಪ್ಪನವರು ಹೊಸದಾಗಿ ಗಡ್ಡ ಹೆರೆಸಿಕೊಂಡು ಬಂದು, ಹೋಲಿಸಿ ನೋಡಲು ಅನುಕೂಲವಾಗಲೆಂದು ಬೆಳಕಿಗೆ ಮುಖ ಮಾಡಿ ನಿಂತರು.

ಮದಾರಸಾಬ ಬ್ಲಾಕನ್ನು ಮಷೀನಿಗೆ ಏರಿಸುವಾಗ ಒಮ್ಮೆ ಅದರ ಮೇಲೆ ಉಗುರು ಎಳೆದು ನೋಡಿದ, ಅವನ ಮುಖ ಸಣ್ಣದಾಯಿತು. "ಮಾಲಕ್ರ, ಕೆಟ್ಟತ್ರಿ. ಇದು ಎಂಬತ್ತೈದರ ಕೆಲಸ" ಎಂದು ಕಿವಿಯಲ್ಲಿ ಹೇಳಿದ. ಆದದ್ದು ಇಷ್ಟೇ. ಸರಕಾರಿ ಸಾಹೇಬರೊಬ್ಬರ ಮುಖವೆಂದು ತಿಳಿದ ಕೊಲ್ಲಾಪುರದವನು, ಈ ಬೆಳಗಾವಿಯವನ ಮಾತು ಕೇಳಿ ಮಾಡಿದರೆ ತನ್ನ ಹೆಸರೂ ಹೋಗುತ್ತದೆಂದು ಯೋಚಿಸಿ, ತಾನೇ ತಿದ್ದಿಕೊಂಡು ಚೊಕ್ಕವಾಗಿ ಮಾಡಿ ಕಳಿಸಿದ್ದ.

ಮೊದಲ ಪ್ರತಿ ಹೊರಬಂತು. ಅಂಥ ಅಚ್ಚು ಆ ಪ್ರೆಸ್ಸಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಸಿದ್ದಪ್ಪನವರ ಕಣ್ಣರೆಪ್ಪೆಯ ಕೂದಲು, ಮೀಸೆಯ ತಿರುವು, ಅಂಗಿಯ ಗುಂಡಿಯ ನಾಲ್ಕು ತೂತು, ಎಲ್ಲ ಕಾಣುತ್ತಿತ್ತು. ಕಲ್ಲಯ್ಯನವರು ಭೂತಗನ್ನಡಿ ಹಿಡಿದು ತಿರುವಿ ತಿರುವಿ ನೋಡಿದರು. ಅಂದೂ ಬಂದು ನಿಂತಿದ್ದ ಎರಡು ಓಣಿಯಾಚೆಯ ಪ್ರೆಸ್ಸಿನವರು ಪ್ರತಿಯನ್ನು ಕೈಗೆ ತೆಗೆದುಕೊಂಡು, ಇಷ್ಟು ವರ್ಷ ನಿಮ್ಮನ್ನು ತಿಳಿಯದೆ ನಕ್ಕೆವು, ಪುಣೆಯಲ್ಲೂ ಇಂಥ ಕೆಲಸ ಆಗುವುದಿಲ್ಲ ಎಂದು ಬಾಯಿ ತುಂಬ ಹೊಗಳಿದರು. ಇಡೀ ಜನ್ಮ ಕೇಳಬೇಕೆಂದಿದ್ದ ಮಾತು ಚನ್ನಬಸಯ್ಯನವರ ಕಿವಿಗೆ ಬಿತ್ತು. ಅವರು ಸ್ಟೂಲಿನ ಮೇಲೆ ಕೂತರು.

"ಛಲೋ ಆಗಿಲ್ರಿ ಇದು. ಖರೇ ಹೇಳತೀನಿ, ನನಗ ಬರೂದಿಲ್ರಿ" ಎಂದರು.

ಯಾರೂ ಕೇಳಲಿಲ್ಲ. ಎದ್ದು ಮದಾರಸಾಬನನ್ನು ಸರಿಸಿ, ಉಂಡೆ ಉಂಡೆ ಮಸಿ ಹಚ್ಚಿ, ಮಷೀನನ್ನು ಬಿಗಿ ಮಾಡಿ ತಾವೇ ತುಳಿದರು. ಸಣ್ಣ ಚುಕ್ಕೆಯ ಸಂದಿ ತುಂಬಿ ಸಿದ್ದಪ್ಪನವರು ಮೀಸೆ ಎಲ್ಲಿ ಮುಗಿಯಿತು ಮುಖ ಎಲ್ಲಿ ಶುರುವಾಯಿತು ತಿಳಿಯದಂತೆ ಕಪ್ಪಾಗಿ ಹೊರಬಂದರು. ಆದರೆ ಗುಳ್ಳೆ ಒಂದೂ ಇರಲಿಲ್ಲ. ಈಗ ಬೇಕೆಂದೇ ಕೆಡಿಸುತ್ತಿದ್ದೀರಿ, ಎದುರಿಗೇ ಕಂಡಿತು ಎಂದು ಸಿದ್ದಪ್ಪನವರು ಸಿಟ್ಟಾದರು. ಮದಾರಸಾಬ ಎರಡು ಬ್ಲಾಕನ್ನೂ ಜೋಡಿಸಿ ಇಟ್ಟು, ಒಂದರಲ್ಲಿ ಚುಕ್ಕೆ ದೊಡ್ಡದು ಒಂದರಲ್ಲಿ ಸಣ್ಣದು ಎಂದು ಬಿಡಿಸಿ ಹೇಳಿದ. ಒಂದು ಮುಖದ ಮೇಲೆ ಐತಿ, ಒಂದರ ಮೇಲೆ ಇಲ್ಲ, ನಾನೂ ಅದನ್ನೇ ಹೇಳುತ್ತಿದ್ದೇನೆ ಎಂದರು ಕಲ್ಲಯ್ಯ. ಆಮೇಲೆ ಅವರು ಟೊಪ್ಪಿಗೆ ಸರಿಮಾಡಿಕೊಂಡು, ಲಗ್ನ ಸದ್ಯಕ್ಕೆ ಮುಂದೆ ಹಾಕೋಣ ಎಂದರು. ಸದ್ಯಕ್ಕೆ ಎಂಬ ಶಬ್ದದ ಅರ್ಥ ಅಲ್ಲಿದ್ದವರಿಗೆಲ್ಲ ತಿಳಿಯಿತು.

"ಏ ಕಲ್ಲಯ್ಯಾ" ಎಂದಳು ರೀಮಿನ ಮೇಲೆ ಕೂತಿದ್ದ ಕಾಶವ್ವ. "ಇತ್ತ ಬಾ. ಆ ಭಿಂಗ ತಗೊಂಡು ಬಾ."

ಮಗ ಭೂತಗನ್ನಡಿ ಹಿಡಿದುಕೊಂಡು ಹತ್ತಿರ ಹೋದ. ಮುದುಕಿ ಸೆರಗು ಹಿಂದೆ ಸರಿಸಿ ಮುಖ ಎತ್ತಿದಳು. ಏಳನೆಯ ವಯಸ್ಸಿನಲ್ಲಿ ಬಂದ ಸಿಡುಬು ಆ ಮುಖದಲ್ಲಿ ಬೆರಳಿಡಲು ಜಾಗ ಬಿಟ್ಟಿರಲಿಲ್ಲ. ಹಣೆಯಿಂದ ಗದ್ದದವರೆಗೆ ಕುಳಿ ಕುಳಿ.

"ನೋಡು. ಸರಿಯಾಗಿ ನೋಡು. ಹಾಲ ಕುಡೀವಾಗ ಈ ಮುಖ ಬ್ಯಾಡಂದೇನ ನೀ? ನಿಮ್ಮಪ್ಪ ಬ್ಯಾಡಂದನ? ಅರವತ್ತ ವರ್ಷ ಈ ಮುಖ ಹೊತ್ತಗೊಂಡು ನಿಮಗೆಲ್ಲಾ ರೊಟ್ಟಿ ಬಡದ ಹಾಕೀನಿ. ಹುಡಿಗಿಗೆ ಮೈಲಿ ಬಂದಿದ್ರ ಬಂದಾವ, ಬದುಕ್ಯಾಳ, ಅಷ್ಟ ಸಾಕು. ನನ್ನ ಮೊಮ್ಮಗನ ಲಗ್ನ ಗೊತ್ತ ಮಾಡಿದ ದಿವಸನ ಆಗಬೇಕು."

ಕಲ್ಲಯ್ಯ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡರು. ಹುಟ್ಟಿದಂದಿನಿಂದ ನೋಡಿದ ಮುಖವನ್ನು ಅವರು ಅಂದು ಮೊದಲ ಸಲ ನೋಡಿದಂತಿತ್ತು. ಸಿದ್ದಪ್ಪನವರೂ, ಹಂದರದ ಬಾಗಿಲಲ್ಲಿ ತಮ್ಮದೊಂದು ಮೇಜು ಇರಬೇಕು, ಲಸಿಕೆ ಹಾಕಿಸಿಕೊಳ್ಳದವರಿಗೆ ಅಕ್ಷತೆಯ ಅಕ್ಕಿಕಾಳು ಕೊಡಬಾರದು ಎಂಬ ಶರತ್ತಿನ ಮೇಲೆ ಒಪ್ಪಿದರು. ಲಗ್ನದ ಹಿಂದಿನ ದಿನ ಬೈಲಹೊಂಗಲದಿಂದ ಅಂತೂ ಉತ್ತರ ಬಂತು. ಸದರಿ ಹುಡುಗಿ ಪ್ರಯಾಣಕ್ಕೆ ಯೋಗ್ಯಳು ಎಂದು ಒಂದೇ ಸಾಲು. ಮುಖದ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಖಾನಾಪುರದ ಆ ಲಗ್ನದಷ್ಟು ಶಿಸ್ತಿನ ಲಗ್ನ ಆ ಕಡೆ ಇನ್ನೊಂದಾಗಿಲ್ಲ. ಬಂದವರೆಲ್ಲ ಸಾಲಾಗಿ ನಿಂತು, ಮೊದಲು ತೋಳು ಕೊಟ್ಟು, ಆಮೇಲೆ ಗಂಧ ಹಚ್ಚಿಸಿಕೊಂಡು ಒಳಗೆ ಹೋದರು. ಸತ್ಯವ್ವ ಮಾತ್ರ ಎರಡು ಗೀಟಿನ ನೆನಪಾಗಿ ಹೆದರುತ್ತಲೇ ಬಂದಳು. ಲಾರಿಯಿಂದ ಇಳಿದ ಗಂಗಾದೇವಿಗೆ ಇದಾವುದೂ ಗೊತ್ತಿರಲಿಲ್ಲ. ಹದಿನೆಂಟು ದಿನ ಮಾವನ ಮನೆಯಲ್ಲಿ ಉಂಡು ಅವಳ ಕೆನ್ನೆ ತುಂಬಿಕೊಂಡಿದ್ದವು. ಅಕ್ಕಿಕಾಳು ಬಿದ್ದು, ಹಣೆಗೆ ಕಟ್ಟಿದ ಹೂವಿನ ದಂಡಿ ಸರಿಸಿ ಅವಳು ಮುಖ ಎತ್ತಿದಾಗ ಹಂದರದ ತುಂಬ ಪಿಸುಪಿಸು ಶುರುವಾಯಿತು. ಎಷ್ಟು ಚೆಂದ ಗುಣವಾಗಿದೆ, ಕಲೆಯೂ ಉಳಿದಿಲ್ಲ ಎಂದು ಕೆಲವರು ದೇವರಿಗೆ ಕೈ ಮುಗಿದರು, ಕೆಲವರು ಸಿದ್ದಪ್ಪನವರಿಗೆ. ಸಿದ್ದಪ್ಪನವರು ಬೇಡವೆನ್ನಲಿಲ್ಲ. ಚನ್ನಬಸಯ್ಯನವರು ಒಬ್ಬೊಬ್ಬರ ಹತ್ತಿರ ಹೋಗಿ, ಏನೂ ಬಂದೇ ಇರಲಿಲ್ಲ, ಅದು ನನ್ನ ಸ್ಕ್ರೀನಿನ ತಪ್ಪು ಎಂದು ವಿವರಿಸಿದರು. ಜನ ಅವರ ಬೆನ್ನು ತಟ್ಟಿ, ಇರಲಿ ಬಿಡ್ರಿ, ಆದದ್ದು ಆತು ಎಂದು ಊಟಕ್ಕೆ ಹೋದರು.

ಜೋಡಿ ಹಿರಿಯರ ಕಾಲಿಗೆ ಬೀಳುತ್ತ ಕಾಶವ್ವನ ಹತ್ತಿರ ಬಂತು. ಮುದುಕಿ ಮೊಮ್ಮಗನನ್ನು ಬದಿಗೆ ಸರಿಸಿ, ಹುಡುಗಿಯ ಗದ್ದ ಹಿಡಿದೆತ್ತಿ, ಹೆಬ್ಬೆರಳಿನಿಂದ ಅವಳ ಹಣೆ, ಕೆನ್ನೆ, ಮೂಗಿನ ಬದಿ ಎಲ್ಲ ಸವರಿ ನೋಡಿದಳು. ಎರಡು ಸಲ ಸವರಿದಳು. ಸಂತೋಷಪಡಬೇಕಾದ ಆ ಮುಖ ಯಾಕೋ ಸ್ವಲ್ಪ ಇಳಿಯಿತು.

"ಒಂದೂ ಇಲ್ಲಲ್ಲವಾ" ಎಂದಳು. "ಛಲೋನ ಆತು. ಮನಿಯೊಳಗ ನನ್ನ ಜೋಡಿ ಒಬ್ಬಾಕಿ ಆಕ್ಕಾಳಂತ ತಿಳಿದಿದ್ನಿ."

ಪಕ್ಕದಲ್ಲಿ ನಿಂತಿದ್ದ ಚನ್ನಬಸಯ್ಯನವರ ಬಾಯಲ್ಲಿ ಎಂಬತ್ತೈದು, ನಲವತ್ತೈದು, ಮಸಿ, ಒತ್ತು ಎಲ್ಲವೂ ಸಿದ್ಧವಾಗಿದ್ದವು. ಅವು ಯಾವುವೂ ಹೊರಬರಲಿಲ್ಲ. ಅವರು ಮಗಳ ಬಾಜೂ ಕೂತು ಮುದುಕಿಯ ಕಾಲು ಮುಟ್ಟಿದರು.

"ತಪ್ಪು ನಂದರಿ, ಯವ್ವಾ" ಎಂದರು.

"ಹೌದಪಾ, ನಿಂದ" ಎಂದಳು ಕಾಶವ್ವ.